ಕಾಳಿಯಮ್ಮನ ಹಾಳೆ

2024ರ ಮಾರ್ಚ್ 11, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನಿವೃತ್ತ ಅಧಿಕಾರಿ ಬದರೀನಾಥ ಸೇಲಂ ಠಾಣೆಗೆ ಬಂದು ದೂರು ಕೊಟ್ಟರು. ಅವರ ಮುತ್ತಾತ 1877ರಲ್ಲಿ ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಬರೆದ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಳುವಾಗಿತ್ತು. ಒಂದೇ ಹಾಳೆಗೆ ಆ ಹೊತ್ತೇ ಎಫ್‌ಐಆರ್ ಆಯಿತು. ನೇಯುವ ಮಗ್ಗದೋರು ಬಂದಿದ್ದರೆ ಠಾಣೆಯವರು ನಾಳೆ ಬಾ ಅನ್ನುತ್ತಿದ್ದರು.

ಹನ್ನೆರಡಕ್ಕೆ ಇನ್‌ಸ್ಪೆಕ್ಟರ್ ಜಯಪ್ರಿಯಾ ಬದರೀನಾಥರ ಮನೆಯಲ್ಲಿ ಪಂಚನಾಮೆ ಬರೆಸಿದರು. ಯಾವ ಬೀಗವೂ ಒಡೆದಿರಲಿಲ್ಲ. ನೋಟ್‌ಬುಕ್ಕಿಗೆ ಸುತ್ತಿದ್ದ ದಾರವನ್ನು ಯಾರೋ ಕತ್ತರಿಸಿ ಮತ್ತೆ ಗಂಟು ಹಾಕಿದ್ದರು. ಕಾನ್‌ಸ್ಟೇಬಲ್ ಸೆಲ್ವಂ ಅದರ ಮೇಲೆ ಉಗುರಾಡಿಸಿದ.

“ಮೇಡಂ, ಇದು ಮಗ್ಗದ ಗಂಟು. ನಮ್ಮಪ್ಪಂದೂ ಇಂಗೇ. ಅರಿದ ನೂಲು ಕಂಡ್ರೆ ಕೈ ಸುಮ್ಕಿರಾಕಿಲ್ಲ.”

“ಕದಿಯೋವಾಗಲೂ?”

“ಕೈಗೇನ್ ಗೊತ್ತು ಮೇಡಂ, ಕದೀತಾ ಐತೆ ಅಂತ.”

ಜಯಪ್ರಿಯಾ ಬದರೀನಾಥರತ್ತ ತಿರುಗಿದರು. “ನೇಕಾರರು ಯಾರು ಬಂದಿದ್ರು?”

“ಈಶ್ವರನ್. ಶನಿವಾರ, ಪಂಚೆ ಕೊಡೋಕೆ. ನಾನು ಪೂಜೆಗೆ ಕೂತಿದ್ದೆ, ನೋಟ್‌ಬುಕ್ ಇದ್ದ ಹಾಲ್‌ನಲ್ಲೇ ಕಾಯ್ತಿದ್ದ.”

“ಏನಾದ್ರೂ ಕೇಳಿದ್ನಾ?”

“ಕಾಳಿಯಮ್ಮನ ಚಿತ್ರ ಕೊಡಿ ಅಂದ. ಅದನ್ನ ದೊಡ್ಡದು ಮಾಡಿಸಿ ಊರಿನ ಪ್ರದರ್ಶನದಲ್ಲಿ ಹಾಕಿದ್ದೀನಿ. ನಿಂಗೇನಪ್ಪಾ ತಿಳಿಯುತ್ತೆ, ಅದು ಸೈನ್ಸು ಅಂದೆ.”

ಆ ಹಾಳೆಯಲ್ಲಿದ್ದದ್ದು ಪಾಠಕ್ಕೆಂದು ಎದೆ ಸೀಳಿದ ಬೆತ್ತಲೆ ಹೆಣದ ಚಿತ್ರ. ಕೆಳಗೆ ಬರಹ: ಕಾಳಿಯಮ್ಮ, ನೇಕಾರಳು, ಸೇಲಂ. ವಾರಸುದಾರರಿಲ್ಲ.

ಮಧ್ಯಾಹ್ನ ಮೂರಕ್ಕೆ ಓಮಲೂರಿನ ಬಳಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಲ್ಲೇ ಈಶ್ವರನ್ ಸಿಕ್ಕ. ಓಡಲಿಲ್ಲ.

“ಹಾಳೆ ಎಲ್ಲಿ?”

“ಊತಿವ್ನಿ.”

“ಯಾಕೆ?”

“ನಮ್ಮ ಮುತ್ತಜ್ಜನ ಎಂಡ್ತಿ ಅವ್ಳು. ಅವ್ಳು ಸತ್ತಾಗ ಮುತ್ತಜ್ಜ ಮದರಾಸು ಆಸ್ಪತ್ರೆ ಗೇಟಾಗೆ ಮೂರು ದಿನ ಕುಂತಿದ್ದ, ಎಣಕ್ಕೆ ಒದಿಸಾಕೆ ತಾನೇ ನೇಯ್ದ ಬಟ್ಟೆ ಇಟ್ಕಂಡು. ಒಳೀಕೆ ಬಿಡ್ಲಿಲ್ಲ. ಯಾರೂ ಬರ್ಲಿಲ್ಲ ಅಂತ ಬರ್ಕಂಡ್ರು. ಈಗ ಊರೆಲ್ಲ ನಿಂತು ನೋಡ್ತೈತೆ.”

“ತೆಗೀರಿ ಅಂತ ಕೇಳ್ಬೇಕಿತ್ತು.”

“ಎರಡು ಸಲ ಕೇಳ್ದೆ. ಪಂಚೆ ಇಟ್ಟು ಓಗು ಅಂದ್ರು.”

ಐದಕ್ಕೆ ಊರಾಚೆಯ ಮಸಣದಲ್ಲಿ ಈಶ್ವರನ್ ತೋರಿಸಿದ ಕಡೆ ಸೆಲ್ವಂ ಗುದ್ದಲಿ ಬಿಟ್ಟು ಕೈಯಲ್ಲೇ ಅಗೆದ. ಹೊಸ ಬಿಳಿ ಬಟ್ಟೆಯೊಳಗೆ ಹಾಳೆಯಿತ್ತು. ಪಂಚರು ಸಹಿ ಹಾಕಿದರು. ಬಂಧನ ಐದೂಮುಕ್ಕಾಲಿಗೆ ಎಂದು ದಾಖಲಾಯಿತು.

“ನೂರ ನಲವತ್ತೇಳು ವರ್ಷ ಆದ್ಮೇಲೆ ಎರಡು ದಿನ ಮಣ್ಣಾಗಿದ್ಳು,” ಅಂದ ಈಶ್ವರನ್.

ಜಯಪ್ರಿಯಾ ವರದಿ ತುಂಬುತ್ತಿದ್ದರು. ಕಾರಣ ಎಂಬಲ್ಲಿ ‘ಕುಟುಂಬದ ಭಾವನೆ’ ಎಂದು ಬರೆದರು. ಹಾಳೆ ಪ್ಲಾಸ್ಟಿಕ್ ಕವರಿಗೆ ಹೋಯಿತು. ಬಟ್ಟೆ ದೂರಿನಲ್ಲಿ ಇರಲಿಲ್ಲ. ಅದನ್ನು ಗುಂಡಿಯಲ್ಲೇ ಬಿಟ್ಟು ಮಣ್ಣೆಳೆದರು.