ರಾಹುಕಾಲದಲ್ಲಿ ಸೇರಿದ ಸರ್ವರ್

ಅಂದಾನಿಗೆ ಒಂದು ಅಭ್ಯಾಸವಿತ್ತು. ನಾನು ಪಾಸ್‌ವರ್ಡ್ ಒತ್ತುವಾಗ ಪೂರ್ತಿ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಬೇರೆ ಎಂಜಿನಿಯರುಗಳು ಬೇರೆಲ್ಲೋ ನೋಡುವಂತೆ ನಟಿಸುತ್ತಾರೆ, ಇವನಿಗೆ ನಟನೆ ಬಾರದು. ಆ ಹೊತ್ತಿನಲ್ಲಿ ಅವನ ಕುತ್ತಿಗೆಯ ಹಿಂದಿನ ಮಚ್ಚೆಯನ್ನು ನಾನು ಧಾರಾಳವಾಗಿ ನೋಡುತ್ತಿದ್ದೆ.

"ಆತೇನ್ರಿ?"

"ಇನ್ನೂ ಇಲ್ಲ," ಎನ್ನುತ್ತಿದ್ದೆ. ಯಾವಾಗಲೋ ಆಗಿರುತ್ತಿತ್ತು.

ಮದರಾಸಿನ ವಡಪಳನಿಯ ನಮ್ಮ ಆಡಿಟರ್ ಆಫೀಸಿನಲ್ಲಿ ಲೆಕ್ಕವೂ ನನ್ನದೇ, ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ಕೆಟ್ಟದ್ದನ್ನು ಸರಿಮಾಡಲು ಬರುವವನು ಅಂದಾನಿ. ಅವನ ಅಪ್ಪ ಗದಗದಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಬಂದವರು. ನಾವು ಟ್ರಿಪ್ಲಿಕೇನಿನ ಮಾಧ್ವರು. ನಮ್ಮ ಅಜ್ಜಿ ಭೀಮಾಬಾಯಿಯನ್ನು ಊರು ಯಾವುದೆಂದು ಕೇಳಿದರೆ ಮದರಾಸು ಎಂದೇ ಹೇಳುತ್ತಾರೆ. ಅಂದಾನಿ ಮನೆಯವರ ಮಠ ಬೇರೆ, ನಮ್ಮ ಮಠ ಬೇರೆ. ಇದು ನಮ್ಮಿಬ್ಬರಿಗೂ ಗೊತ್ತಿದ್ದರಿಂದ, ಎರಡು ವರ್ಷ ಇಬ್ಬರೂ ಕೇಬಲ್ ಬಗ್ಗೆ, ವೈರಸ್ ಬಗ್ಗೆ ಮಾತ್ರ ಮಾತಾಡಿದೆವು.

ಆ ಶುಕ್ರವಾರ ಅವನು ಹೊಸ ಸರ್ವರ್ ತಂದ. ಪೆಟ್ಟಿಗೆ ಬಿಚ್ಚುತ್ತಾ ನನ್ನ ಮುಖ ನೋಡದೆ ಹೇಳಿದ: "ಇದ ಕಡೀ ಕೆಲಸ ನೋಡ್ರಿ ಇಲ್ಲಿ. ರವಿವಾರ ಹೈದರಾಬಾದಿಗೆ ಹೊಂಟೇನಿ. ಟ್ರಾನ್ಸ್‌ಫರ್."

"ನಾಳೆ ನನ್ನನ್ನ ಗಂಡು ನೋಡಕ್ಕೆ ಬರ್ತಾನೆ," ಎಂದೆ ನಾನು. "ನಮ್ಮ ಸರ್ ತಂಗಿ ಮಗ. ಸಂಜೀವ."

ಅವನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. ಹುಡುಕುವ ನೆಪದಲ್ಲಿ ಮೇಜಿನಡಿ ತುಂಬಾ ಹೊತ್ತು ಇದ್ದ.

"ಚಲೋ ಆತಲ್ರಿ," ಎಂದ ಮೇಜಿನ ಅಡಿಯಿಂದಲೇ. ನನಗೆ ಮೈಯೆಲ್ಲ ಉರಿಯಿತು.

ಸಾಮಾನ್ಯ ಕಂಪ್ಯೂಟರನ್ನು ಆಫೀಸಿನ ಡೊಮೈನಿಗೆ, ಅಂದರೆ ಎಲ್ಲ ಕಂಪ್ಯೂಟರುಗಳ ಕೂಡುಕುಟುಂಬಕ್ಕೆ, ಸೇರಿಸುವುದು ಸುಲಭ. ವಿಜಾರ್ಡ್ ಎಂಬ ಸಹಾಯಕ ಪ್ರೋಗ್ರಾಂ ಇರುತ್ತದೆ, ಅದು ಕೇಳಿದ್ದಕ್ಕೆಲ್ಲ ಹೂಂ ಎಂದರೆ ಸಾಕು. ಎರಡನೆಯ ಸರ್ವರ್‌ಗೆ ಆ ಉಪಚಾರವಿಲ್ಲ, ಎಲ್ಲವನ್ನೂ ಕೈಯಾರೆ ಮಾಡಬೇಕು. ಅದಕ್ಕೊಂದು ವಿಳಾಸ ಕೊಟ್ಟು, ಹೆಸರಿಟ್ಟು, ಹಳೆಯ ಸರ್ವರ್ ಎಲ್ಲಿದೆಯೆಂದು ತೋರಿಸಿ, ಡೊಮೈನಿನ ಹೆಸರು ಬರೆಯಬೇಕು. ಹಳೆಯದು ನನ್ನ ಪಾಸ್‌ವರ್ಡ್ ಕೇಳಿ, ಒಪ್ಪಿದರೆ ಒಳಗೆ ಬಿಟ್ಟುಕೊಳ್ಳುತ್ತದೆ.

ಡೊಮೈನಿನ ಹೆಸರು ಬರೆಯುವ ಹೊತ್ತಿಗೆ ಆಫೀಸಿನ ಯಜಮಾನರು, ನಮ್ಮ ಸರ್ ಕೃಷ್ಣಪ್ರಸಾದ್, ಬಂದು ನಿಂತರು.

"ವೃಂದಾ, ಏನಮ್ಮಾ ಇದು? ರಾಹುಕಾಲ! ಹನ್ನೆರಡರವರೆಗೆ ಹೊಸದು ಏನೂ ಸೇರಿಸಬೇಡ."

"ಹನ್ನೆರಡಕ್ಕೆ ಇವರು ಗಿಂಡಿಯ ಇನ್ನೊಂದು ಆಫೀಸಿನಲ್ಲಿ ಇರಬೇಕು, ಸರ್."

ಅವರು ಗಡ್ಡ ತುರಿಸಿಕೊಂಡು ಯೋಚಿಸಿದರು. ಆಮೇಲೆ ಮುಖ ಅರಳಿತು. "ಕೊಂಜ ಅಡ್ಜಸ್ಟ್ ಮಾಡೋಣ. ಹೊಸ ಮಷೀನ್‌ನ ಗಡಿಯಾರ ಹನ್ನೆರಡೂಕಾಲಿಗೆ ಇಡಿ. ಅದರ ಪಾಲಿಗೆ ರಾಹುಕಾಲ ಕಳೀತು, ಸೆರಿಯಾ?"

ಅಂದಾನಿ ತುಟಿ ಕಚ್ಚಿಕೊಂಡು ಗಡಿಯಾರ ಮುಂದಿಟ್ಟ. ನಾನು ಪಾಸ್‌ವರ್ಡ್ ಒತ್ತಿದೆ. ಅವನು ಗೋಡೆ ನೋಡಿದ. ಡೊಮೈನ್ ಒಪ್ಪಲಿಲ್ಲ. ಎರಡು ಸರ್ವರ್‌ಗಳ ಗಡಿಯಾರಗಳ ನಡುವೆ ವ್ಯತ್ಯಾಸವಿದೆ ಎಂದು ಎಚ್ಚರಿಕೆ ಬಂತು.

"ಐದು ನಿಮಿಷದ ಮ್ಯಾಲೆ ಹೆಚ್ಚುಕಮ್ಮಿ ಆದ್ರ ನಂಬಂಗಿಲ್ರಿ ಅದು," ಎಂದ ಅಂದಾನಿ ಮೆಲ್ಲಗೆ. "ಸರ್‌ಗೆ ಹೇಳಿ, ಸೋಮವಾರ ಬ್ಯಾರೇ ಹುಡುಗನ್ನ ಕಳಸ್ತೀನಿ."

ಬೇರೆ ಹುಡುಗ! ನಾಳೆ ಅಲ್ಲೊಬ್ಬ, ಸೋಮವಾರ ಇಲ್ಲೊಬ್ಬ. ಎಲ್ಲರೂ ಸೇರಿ ಬೇರೆ ಹುಡುಗನನ್ನೇ ಕಳಿಸುವವರು. ನಾನು ಮೌಸ್ ಕಿತ್ತುಕೊಂಡೆ. ಅವನ ಬೆರಳು ತಾಕಿತು, ಬಿಸಿಯಾಗಿತ್ತು. ಗಡಿಯಾರವನ್ನು ಇದ್ದ ಹೊತ್ತಿಗೇ ತಂದು ನಿಲ್ಲಿಸಿದೆ: ಹನ್ನೊಂದೂಕಾಲು, ಶುದ್ಧ ರಾಹುಕಾಲ.

"ವೃಂದಾ!" ಎಂದರು ಸರ್.

"ಸುಳ್ಳು ಹೊತ್ತಿನಲ್ಲಿ ಇದು ಸೇರಲ್ಲ, ಸರ್. ಹೇಳಿ ಮಾಡ್ತಿದೀನಿ, ಕದ್ದು ಅಲ್ಲ."

ಪಾಸ್‌ವರ್ಡ್ ಒತ್ತಿದೆ. ಡೊಮೈನಿಗೆ ಸ್ವಾಗತ ಎಂದು ಪುಟ್ಟ ಪೆಟ್ಟಿಗೆಯೊಂದು ಪರದೆಯ ಮೇಲೆ ಮೂಡಿತು. ಸಿಡಿಲೂ ಬೀಳಲಿಲ್ಲ, ಕರೆಂಟೂ ಹೋಗಲಿಲ್ಲ.

"ಈ ಹಠ ಒಳ್ಳೇದಲ್ಲಮ್ಮಾ. ನಾಳೆ ಸಂಜೀವ ಬರೋ ದಿನ," ಎಂದರು ಸರ್.

"ಬರೋದು ಬೇಡ, ಸರ್. ನನಗೆ ಬೇಕಾದವರು ಇವರು."

ಬೆರಳು ಮಾಡಿ ತೋರಿಸಿಯೂ ಬಿಟ್ಟೆ. ಅಂದಾನಿಯ ಕಿವಿ ಕೆಂಪಾಯಿತು. ಸರ್ ಅವನನ್ನು ಈಗಷ್ಟೇ ಕಂಡವರಂತೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ರಾಹುಕಾಲದಲ್ಲಿ ಆಡೋ ಮಾತೇನಮ್ಮಾ ಇದು? ನಿಮ್ಮಪ್ಪನಿಗೆ ನಾನು ಏನಂತ ಹೇಳಲಿ?"

"ನೀವು ಯಾಕೆ ಹೇಳ್ಬೇಕು? ನಾನೇ ಹೇಳ್ತೀನಿ."

ಮೇಜಿನ ಮೇಲಿನ ಫೋನ್ ಎತ್ತಿ ಮನೆಗೆ ಡಯಲ್ ಮಾಡಿದೆ. ಎತ್ತಿದ್ದು ಅಜ್ಜಿ.

"ಅಜ್ಜಿ, ನಾಳೆ ಅವರು ಬರಲ್ಲ. ನಾನು ಬೇರೊಬ್ಬರನ್ನ ಇಷ್ಟಪಟ್ಟಿದೀನಿ."

"ಯಾರು ಡೀ ಅವನು? ನಮ್ಮವನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಂದಾನಿ ಕೈ ಚಾಚಿದ. ಅವನ ಕಣ್ಣುಗಳು ಎರಡು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಿನಲ್ಲೇ ನಿಂತವು, ಕದಲಲಿಲ್ಲ.

"ಕೊಡ್ರಿ ಇಲ್ಲೆ. ನೀವೊಬ್ರ ಯಾಕ ಬೈಸ್ಕೋತೀರಿ?"

ಫೋನ್ ಕೊಟ್ಟೆ. ಅವನು ಯಾರೋ ಹಿರಿಯರ ಎದುರು ನಿಂತಂತೆ ನೆಟ್ಟಗೆ ನಿಂತ.

"ನಮಸ್ಕಾರ್ರಿ ಅಜ್ಜಿ. ನಾನು ಅಂದಾನಿ. ಗದಗದವ್ರು ನಾವು, ಲಿಂಗಾಯತ್ರು. ನಿಮ್ಮ ಮೊಮ್ಮಗಳಂದ್ರ ನನಗ ಜೀವ. ಇವತ್ತಿನ ತನಕಾ ಆಕೀ ಮುಂದ ಹೇಳೋ ಧೈರ್ಯ ಇರಲಿಲ್ರಿ."

ಅಜ್ಜಿಯ ಬೈಗುಳ ನನಗೂ, ಸರ್‌ಗೂ ಕೇಳಿಸಿತು. ಕನ್ನಡ ಸಾಲದೆ ತಮಿಳಿಗೆ ಇಳಿದರು. ಸೊಕ್ಕಿನವನು, ಮರ್ಯಾದೆ ಗೊತ್ತಿಲ್ಲದವನು, ಮನೆ ಮುರುಕ. ಅಂದಾನಿ ಎಲ್ಲಕ್ಕೂ "ಹೂನ್ರಿ ಅಜ್ಜಿ" ಎನ್ನುತ್ತಾ ನಿಂತಿದ್ದ. ಅವನ ಇನ್ನೊಂದು ಕೈ ಮೇಜಿನ ಮೇಲೆ ನನ್ನ ಕೈಯನ್ನು ಹುಡುಕಿ ಹಿಡಿಯಿತು, ಸರ್ ನೋಡುತ್ತಿದ್ದರೂ ಬಿಡಲಿಲ್ಲ.

ಕೊನೆಗೆ ಅಜ್ಜಿ ಕೂಗಿದರು: "ನಮ್ಮ ಹೊಸಿಲ ಹತ್ತಿರ ಬರಬೇಡ!"

"ಅದೊಂದು ಆಗಂಗಿಲ್ರಿ, ಅಜ್ಜಿ," ಎಂದ ಅಂದಾನಿ. "ನಾಳೆ ಬರ್ತೀನಿ."