ಹದಿನೇಳರ ತಂಗಿಗೆ ಅಪ್ಪನಾದವನು

"ಇವಳಿಗೆ ನೀವು ಅಪ್ಪನಾ?"

ಚೀಟಿ ಬರೆಯುತ್ತಿದ್ದ ಯುವ ನರ್ಸ್ ತಲೆಯೆತ್ತಿ ನೋಡಿದಳು. ಎದುರಿಗಿದ್ದವನಿಗೆ ಹೆಚ್ಚೆಂದರೆ ಇಪ್ಪತ್ತೈದು. ಅಂಗಿಯ ತುಂಬ ವೆಲ್ಡಿಂಗ್ ಕಿಡಿ ಸುಟ್ಟ ತೂತುಗಳು. ಬೆಂಚಿನ ಮೇಲೆ ಏದುಸಿರು ಬಿಡುತ್ತಿದ್ದ ಹುಡುಗಿಗೆ ಹದಿನೇಳು. ಆದರೂ ಅರ್ಜಿಯಲ್ಲಿ ಪೋಷಕರ ಸಹಿಯ ಪಕ್ಕ 'ತಂದೆ' ಎಂದು ದಪ್ಪಗೆ ಬರೆದಿದ್ದ!

ನರ್ಸ್ ಕೆಂಡವಾದಳು. ಯಾರದೋ ಮನೆ ಹುಡುಗಿಯನ್ನು ಕರೆತಂದು ಸುಳ್ಳು ಬರೆಯುತ್ತೀರಾ ಎಂದು ಎಲ್ಲರೆದುರೇ ದಬಾಯಿಸಿದಳು.

ಅವನು ದನಿ ಏರಿಸಲಿಲ್ಲ. ಇವಳು ನನ್ನ ತಂಗಿ ಎಂದ. ಇಬ್ಬರೂ ಆಗಲೇ ಮೂರು ಸಲ ಬಂದು ಹೋಗಿದ್ದರು. ಮಕ್ಕಳ ವಿಭಾಗದವರು ವಯಸ್ಸು ಮೀರಿತು ಎಂದಿದ್ದರು. ದೊಡ್ಡವರ ವಿಭಾಗದವರು ಹದಿನೆಂಟು ತುಂಬಿಲ್ಲ, ಅಪ್ಪನನ್ನು ಕರೆದುಕೊಂಡು ಬಾ ಎಂದಿದ್ದರು. ಖಾಸಗಿ ಆಸ್ಪತ್ರೆ ಅವನ ಕೈಗೆಟುಕುವಂಥದ್ದಲ್ಲ.

"ಅಪ್ಪ ಅಮ್ಮ ಇಬ್ರೂ ಇಲ್ಲ. ಅದಕ್ಕೆ ನಾನೇ ಅಪ್ಪ ಆದೆ," ಎಂದ.

ನರ್ಸ್ ಪೆನ್ನು ಕೆಳಗಿಟ್ಟಳು. ಛೆ... ನಾನೆಂಥವಳು! ಹದಿನೇಳರಲ್ಲಿ ಉಬ್ಬಸ ಬರಕೂಡದೆಂದು ಈ ಆಸ್ಪತ್ರೆ ಯಾವಾಗ ಕಾನೂನು ಮಾಡಿತು?

ಹುಡುಗಿಯ ಕೈ ಹಿಡಿದು ನೇರ ಡಾಕ್ಟರ ಕೋಣೆಗೆ ನಡೆದಳು. ಸಾಕಿದ ಅಣ್ಣನ ಸಹಿ ಸಾಲದಿದ್ದರೆ ಜೊತೆಗೆ ನನ್ನದೂ ಹಾಕುತ್ತೇನೆ ಎಂದು ಪಟ್ಟು ಹಿಡಿದಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು, 'ತಂದೆ' ಹೊಡೆದುಹಾಕಿ 'ಅಣ್ಣ' ಎಂದು ತಾವೇ ಬರೆದರು. ಅಂದೇ ಇನ್‌ಹೇಲರ್ ಸಿಕ್ಕಿತು.

ಆಮೇಲೆ ಪ್ರತಿ ತಿಂಗಳೂ ಅಣ್ಣ-ತಂಗಿ ಬಂದರು. ತಂಗಿ ಮೆಟ್ಟಿಲು ಹತ್ತಿ ಬಂದು ಹರಟುವಷ್ಟು ಚೇತರಿಸಿಕೊಂಡಳು. ಅಣ್ಣ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರೆದುರು ಅವಮಾನ ಮಾಡಿದೆನಲ್ಲ, ಇನ್ನೂ ಮುನಿಸಿರಬೇಕು... ಎಂದುಕೊಂಡರೂ, ಅವರು ಬರುವ ದಿನ ಬಂತೆಂದರೆ ನರ್ಸಮ್ಮನ ಕಣ್ಣು ಬಾಗಿಲಲ್ಲೇ.

ಒಂದು ದಿನ ತಂಗಿ ಒಬ್ಬಳೇ ಬಂದಳು. ಹದಿನೆಂಟು ತುಂಬಿತ್ತು, ತನ್ನ ಸಹಿ ತಾನೇ ಹಾಕಿದಳು. ನರ್ಸ್‌ಗೆ ಖುಷಿಯಾಯಿತು, ಮರುಕ್ಷಣವೇ ಖಾಲಿ ಬಾಗಿಲತ್ತ ನೋಡಿದಳು. ಇನ್ನು ಅವನು ಬರುವುದೇ ಇಲ್ಲವೇ?

"ನಿಮ್ಮಣ್ಣಂಗೆ ನನ್ನ ಮೇಲೆ ಇನ್ನೂ ಕೋಪನಾ?"

ಹುಡುಗಿ ಕಿಸಕ್ಕನೆ ನಕ್ಕಳು. "ಕೋಪ ಎಲ್ಲಿಂದ ಬಂತು? ಇಲ್ಲಿ ಎಲ್ಲರೂ ನಿಮ್ಮನ್ನ ಸಿಸ್ಟರ್ ಅಂತಾರೆ. ಹಾಗೆ ಕರೆಯೋಕೆ ಅವನಿಗೆ ಬಾಯಿ ಬರಲ್ವಂತೆ. ಅದಕ್ಕೇ ಸುಮ್ಮನಿರ್ತಾನೆ. ಗೇಟ್ ಹತ್ರ ನಿಂತಿದ್ದಾನೆ, ಹೋಗಿ ನೋಡಿ."

ನರ್ಸಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗೇಟಿನ ಬಳಿ ಅವನು ತಡವರಿಸಿದ. "ಒಳಗೆ ಬರೋಕೆ... ಈಗ ನನಗೇನೂ ಕೆಲಸ ಇಲ್ವಲ್ಲ."

"ನಾನಿಲ್ವಾ?" ಎಂದಳು.

ಅವನು ಮುಖವೆತ್ತಿ ಅವಳನ್ನೇ ನೋಡಿದ. "ನಿಮ್ಮನ್ನ ಏನಂತ ಕರೀಲಿ?"

"ನಿಧಾನಕ್ಕೆ ಯೋಚನೆ ಮಾಡಿ. ಜೀವನಪೂರ್ತಿ ಕರೀಬೇಕಲ್ಲ."