ಕೂತು ನೋಡಿದ ಕಾಲುಕವಚ

ಮೊದಲು ಒಂದು ಒಗಟು. ನಿಂತರೆ ಅರಸ, ನಡೆದರೆ ಕುಂಟ, ಕೂರು ಅಂದರೆ ಕಲ್ಲು. ಏನದು?

ತಲೆ ಕೆರೆದುಕೊಳ್ಳಿ ಬೇಕಾದರೆ. ನಿಮ್ಮ ಕೈಲಿ ಆಗಲ್ಲ. ಉತ್ತರ ಕತೆಯ ಹೊಟ್ಟೆಯೊಳಗಿದೆ, ಕತೆ ಇನ್ನೂ ಶುರುವೇ ಆಗಿಲ್ಲ.

ಬೆಟ್ಟಗಳಿಗೆ ಯಾರೂ ಹೆಸರಿಡದ ಕಾಲದಲ್ಲಿ ಕಬ್ಬಿಣಗೆರೆ ಅಂತ ಒಂದು ರಾಜ್ಯವಿತ್ತು. ರಾಜ್ಯಕ್ಕೆ ಒಬ್ಬ ರಾಜ, ರಾಜನಿಗೆ ಒಂದು ಮೀಸೆ, ಮೀಸೆಗೆ ಇಬ್ಬರು ಆಳು. ಊರಾಚೆಯ ಬೋಳುಗುಡ್ಡದ ಮೇಲೆ ಉರಿಮಂಡೆ ಅನ್ನೋ ಮಾಂತ್ರಿಕನಿದ್ದ. ಅವನ ತಲೆಯ ಮೇಲೆ ಕೂದಲಿರಲಿಲ್ಲ, ಬೆಂಕಿ ಇತ್ತು. ಮಳೆ ಬಂದ ದಿನ ಬರೀ ಹೊಗೆ.

ಈ ಉರಿಮಂಡೆ ವರ್ಷಕ್ಕೊಬ್ಬ ಅತಿಥಿಯನ್ನು ಕೇಳುತ್ತಿದ್ದ. ಬರುವವರು ಯುದ್ಧದ ಉಡುಪಿನಲ್ಲೇ ಬರಬೇಕು, ಒಂದು ತುಂಡನ್ನೂ ಬಿಚ್ಚಬಾರದು, ಬಂದು ಅವನ ಮನೆಯ ಊಟ ಉಣ್ಣಬೇಕು. ಉಂಡರೆ ಹಿಂದೆ ಹೋದವರೆಲ್ಲ ಬಿಡುಗಡೆ. ಉಣ್ಣದಿದ್ದರೆ ಕಲ್ಲು. ಯಾರನ್ನೂ ಕಳಿಸದಿದ್ದರೆ ತಲೆಯ ಬೆಂಕಿ ಇಳಿದು ಬಂದು ಊರಿನ ಸೂರು ಸುಡುತ್ತದೆ.

ಊಟ ಮಾಡಿ ಬರೋದು ಏನು ಮಹಾ ಕಷ್ಟ ಅಂತ ಸೈನಿಕರು ಒಬ್ಬೊಬ್ಬರಾಗಿ ಹೋದರು. ಯಾರೂ ವಾಪಸ್ ಬರಲಿಲ್ಲ. ಊಟದಲ್ಲಿ ವಿಷವಿದೆ ಅಂದರು ಕೆಲವರು. ಕಲ್ಲು ಬಡಿಸುತ್ತಾನೆ ಅಂದರು ಇನ್ನು ಕೆಲವರು. ಕೆಳಗೆ ನಿಂತು ನೋಡಿದರೆ ಗುಡ್ಡದ ತುದಿಯಲ್ಲಿ ಸಾಲಾಗಿ ನಿಂತ ಕಲ್ಲುಗಳು ಕಾಣುತ್ತಿದ್ದವು, ಅಷ್ಟೇ.

ಸೈನಿಕರು ಮುಗಿದ ಮೇಲೆ, ಕಳೆದ ವರ್ಷ, ಊರಿನ ಆಟದ ಮೇಳದಲ್ಲಿ ವೀರರ ಪಾತ್ರ ಕಟ್ಟುತ್ತಿದ್ದ ಸಂಪಿ ಹೋದಳು. ಅವಳೂ ಕಲ್ಲಾದಳು. ಸಂಪಿಯ ತಮ್ಮ ಗಿಣಿಯ. ಅದೇ ಮೇಳದ ಕೋಡಂಗಿ. ತಾಯಿ ಇಲ್ಲದ ಅವನನ್ನು ಅಕ್ಕನೇ ಸಾಕಿದ್ದಳು. ಅವನು ದಿನಾ ಸಂಜೆ ಗುಡ್ಡದ ಕಡೆ ನೋಡುತ್ತಿದ್ದ. ಸಾಲಿನ ಕೊನೆಯ ಕಲ್ಲು ಸೊಂಟದ ಮೇಲೆ ಕೈ ಇಟ್ಟುಕೊಂಡಿತ್ತು. ಅವನು ತಡವಾಗಿ ಮನೆಗೆ ಬಂದಾಗೆಲ್ಲ ಅಕ್ಕ ಬಾಗಿಲಲ್ಲಿ ಹಾಗೇ ನಿಲ್ಲುತ್ತಿದ್ದಳು.

ಈ ವರ್ಷ ನಾನು ಹೋಗ್ತೀನಿ ಅಂತ ಗಿಣಿಯ ಅರಮನೆಗೆ ಹೋಗಿ ನಿಂತ. ಕೋಡಂಗಿ ಹೋಗಿ ಏನು ಕಡಿದು ಗುಡ್ಡೆ ಹಾಕ್ತಾನೆ ಅಂತ ರಾಜ ಮೀಸೆಯೊಳಗೇ ನಕ್ಕ.

"ಮಹಾಸ್ವಾಮಿ, ವೀರರು ಮುಗಿದರು, ವೀರರ ವೇಷದವರೂ ಮುಗಿದರು," ಅಂದ ಗಿಣಿಯ. "ನಾನೂ ಬೇಡ ಅಂದರೆ ಇನ್ನು ಉಳಿದಿರೋದು ತಾವೇ."

ರಾಜ ತಕ್ಷಣ ಅಪ್ಪಣೆ ಕೊಟ್ಟ.

ಆಯುಧಶಾಲೆಯಲ್ಲಿ ಮಾರನಾಯಕ ಅನ್ನೋ ಮುದುಕ ಕಾವಲಿದ್ದ. ಆ ರಾಜ್ಯದಲ್ಲಿ ಒಂದು ಪದ್ಧತಿ. ಆಯುಧದ ಮುಂದೆ ಯಾರೂ ಕೂರಬಾರದು, ಕೂತರೆ ಆಯುಧಕ್ಕೆ ಅವಮಾನ. ನಿಂತೇ ಕವಚ ಕಟ್ಟಿಸಿಕೊಳ್ಳಬೇಕು, ಉಜ್ಜಿದ ಗುರಾಣಿಯಲ್ಲಿ ನಿಂತೇ ಮುಖ ನೋಡಿಕೊಳ್ಳಬೇಕು, ಒಪ್ಪಿತು ಅಂತ ಹೇಳಿ ಹೊರಡಬೇಕು. ಮಾರನಾಯಕನ ಅಜ್ಜನ ಕಾಲದಿಂದ ಹೀಗೇ.

ಎದೆಗೆ, ತೋಳಿಗೆ ಸಿಕ್ಕಿದ್ದನ್ನು ಕಟ್ಟಿದರು. ಉಳಿದದ್ದು ಕಾಲು. ಗೋಡೆಯ ಮೇಲೆ ಮೂರು ಜೊತೆ ಕಾಲುಕವಚ ತೂಗುತ್ತಿದ್ದವು.

ಮೊದಲನೆಯದಕ್ಕೆ ಚಿನ್ನದ ನೀರು, ಮಂಡಿಯ ಮೇಲೆ ಸಿಂಹದ ಮುಖ. ತೊಟ್ಟು ನಿಂತರೆ ಗಿಣಿಯನೇ ಗಿಣಿಯನಿಗೆ ಕೈಮುಗಿಯಬೇಕು, ಹಾಗಿತ್ತು. ಹೆಜ್ಜೆ ಇಟ್ಟ. ಮಂಡಿ ಮಡಚಲಿಲ್ಲ. ಕೊಕ್ಕರೆಯ ಹಾಗೆ ಎರಡು ಹೆಜ್ಜೆ ಹೋಗಿ ಕಂಬ ಹಿಡಿದುಕೊಂಡ.

ಎರಡನೆಯದು ಬೆಳ್ಳಿಯ ಬಣ್ಣದ್ದು. ಚರ್ಮದ ಹಾಗೆ ಕಾಲಿಗೆ ಅಂಟಿ ಕೂತಿತು. ಮಾರನಾಯಕ ಹಿಂದಿನ ಪಟ್ಟಿಗಳನ್ನು ಎಳೆದು ಬಿಗಿದ. ಸಡಿಲ ಬಿಟ್ಟರೆ ಕಟ್ಟಿದವನಿಗೆ ನಾಚಿಕೆ ಅಂತ ಅವನ ನಂಬಿಕೆ. ಗಿಣಿಯ ಅಂಗಳ ಸುತ್ತಿ ಬಂದ. ನಡೆಯುತ್ತಾ ಮೀನಖಂಡ ಉಬ್ಬಿತು, ಪಟ್ಟಿ ಕಚ್ಚಿತು, ಪಾದ ಯಾರದೋ ಪಾದದ ಹಾಗೆ ಜೋಮು ಹಿಡಿಯಿತು.

ಮೂರನೆಯದು ಕರಿಬಾಣಲೆಯ ಬಣ್ಣ. ತೊಡೆಗೊಂದು ತುಂಡು, ಮಂಡಿಗೊಂದು ಚಿಪ್ಪು, ಮೊಣಕಾಲ ಕೆಳಗೊಂದು ತುಂಡು, ನಡುವೆ ತೊಗಲಿನ ಬಾರು. ಮಡಚಿದರೆ ಮಡಚುತ್ತಿತ್ತು. ಆದರೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎಲ್ಲ ಜಾರಿ ಪಾದದ ಮೇಲೆ ಬಂದು ಕೂತಿತು. ಜೊತೆಗೆ ಪಾತ್ರೆ ಅಂಗಡಿ ಉರುಳಿದ ಹಾಗೆ ಸದ್ದು.

ಗಿಣಿಯನಿಗೆ ಸಾಕಾಯಿತು. ಅವನು ಆಯುಧಶಾಲೆಯ ನೆಲದ ಮೇಲೆ ಕೂತೇ ಬಿಟ್ಟ.

ಏಳೋ, ಆಯುಧದ ಮುಂದೆ ಕೂರ್ತೀಯಾ ಅಂತ ಮಾರನಾಯಕ ಗದರಿದ. ಗಿಣಿಯ ಏಳಲಿಲ್ಲ. ತನ್ನ ಮಡಚಿದ ಮಂಡಿಯನ್ನೇ ನೋಡುತ್ತಿದ್ದ.

"ಅಜ್ಜಾ, ಉಣ್ಣೋದು ಕೂತೇ ಅಲ್ವಾ?"

ಮಾರನಾಯಕ ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ಗೋಡೆಗೆ ಒರಗಿ, ಮೆಲ್ಲಗೆ ಜಾರಿ, ಅವನೂ ನೆಲದ ಮೇಲೆ ಕೂತ.

"ಎಲ್ಲರ ಕಾಲಿಗೂ ನಾನೇ ಕಟ್ಟಿದ್ದು ಮಗಾ," ಅಂದ. "ನಿನ್ನ ಅಕ್ಕನಿಗೂ. ಬೆಳ್ಳಿಯದು, ನೀನೀಗ ತೊಟ್ಟು ಬಿಚ್ಚಿದ್ಯಲ್ಲ, ಅಂಥದ್ದೇ. ಇನ್ನೂ ಬಿಗಿ ಮಾಡ್ಲಾ ಅಂತ ಬೇರೆ ಕೇಳಿದೆ."

ಗಿಣಿಯನಿಗೆ ಜೋಕು ಹೇಳಬೇಕು ಅನ್ನಿಸಿತು. ಹೇಳುವ ಬದಲು ಜಾರಿದ ಕರಿ ಕವಚವನ್ನು ಮುದುಕನ ಕಡೆ ಸರಿಸಿದ.

ಅವತ್ತಿನಿಂದ ಇಬ್ಬರೂ ಕೂತು ಕೆಲಸ ಮಾಡಿದರು. ಜಾರೋ ಕವಚವನ್ನು ಕಾಲಿಗೆ ಬಿಗಿದರೆ ಪ್ರಯೋಜನವಿಲ್ಲ, ಸೊಂಟಕ್ಕೆ ಹೊರಿಸಬೇಕು ಅಂತ ಹೊಳೆದದ್ದು ಗಿಣಿಯನಿಗೆ. ಮೇಳದಲ್ಲಿ ಕೋಡಂಗಿಯ ಬಾಲವನ್ನು ಹಾಗೇ ಕಟ್ಟುತ್ತಿದ್ದರು. ಅಗಲದ ತೊಗಲಿನ ಪಟ್ಟಿ ಸೊಂಟಕ್ಕೆ, ಅದರಿಂದ ತೊಡೆಯ ತುಂಡಿಗೆ ಎರಡು ಬಾರು. ಭಾರವೆಲ್ಲ ಮೇಲೆ ಹೋಯಿತು. ಕೊಂಡಿಗಳು ಒಳಮಗ್ಗುಲಿಗೆ ಬಂದರೆ ಒಂದು ಕಾಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ ಅಂತ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಹುಡುಕಿ, ಕೊಂಡಿ ಹೊರಗೆ ಬರುವ ಹಾಗೆ ಕಟ್ಟಿದರು. ಪಟ್ಟಿ ಬಿಗಿದ ಮೇಲೆ ಎರಡು ಬೆರಳು ತೂರಬೇಕು, ಇಲ್ಲದಿದ್ದರೆ ಸಡಿಲಿಸು ಅಂತ ಮಾರನಾಯಕನೇ ಹೇಳಿದ.

ಕಬ್ಬಿಣ ತೊಡೆಯನ್ನು ಉಜ್ಜಿ ಕೆಂಪು ಮಾಡುತ್ತಿತ್ತು. ಗಿಣಿಯ ಮನೆಗೆ ಹೋಗಿ ಅಕ್ಕ ಹೊಲಿದ ಕೌದಿ ತಂದ. ಅಕ್ಕನ ಹಳೇ ಸೀರೆ, ತನ್ನ ಚಿಕ್ಕಂದಿನ ಅಂಗಿ, ಎಲ್ಲ ಅದರೊಳಗಿದ್ದವು. ಕತ್ತರಿ ಹಿಡಿದು ಬಹಳ ಹೊತ್ತು ಕೂತಿದ್ದ. ಆಮೇಲೆ ಕತ್ತರಿಸಿದ. ಕಾಲಿಗೆ ಚೀಲದ ಹಾಗೆ ಹೊಲಿದು ಒಳಗೆ ತೊಟ್ಟ. ಉಜ್ಜುವುದು ನಿಂತಿತು, ಸದ್ದೂ ನಿಂತಿತು. ಅದನ್ನು ತೊಟ್ಟುಕೊಂಡೇ ನೀರು ಹೊತ್ತ, ಏಣಿ ಹತ್ತಿದ, ಉಂಡ. ಬಾರು ಅವನ ಕಾಲಿಗೆ ಪಳಗಿತು, ಕಾಲು ಬಾರಿಗೆ ಪಳಗಿತು.

ಹೊರಡುವ ದಿನ ಬಂತು. ಮೊದಲು ಸಿಕ್ಕಿದ್ದು ಕಚ್ಚುಮುಳ್ಳಿನ ಬಯಲು. ಅಲ್ಲಿನ ಮುಳ್ಳುಗಳಿಗೆ ಹಲ್ಲಿದ್ದವು. ಕಾಲು ಕಂಡರೆ ಬಾಯಿ ಹಾಕುತ್ತಿದ್ದವು. ಕಬ್ಬಿಣಕ್ಕೆ ಬಾಯಿ ಹಾಕಿ ಹಲ್ಲು ಮುರಿದುಕೊಂಡವು. ಗಿಣಿಯ ಎಲ್ಲೂ ಎಡವದೆ ದಾಟಿದ.

ಎರಡನೆಯದು ಮಂಡಿಯೆತ್ತರದ ಮೆಟ್ಟಿಲುಗಳು. ಮೆಟ್ಟಿಲ ನಡುವೆ ಕಂಚಿನ ಕೋಣ ಮಲಗಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾದರೆ ಅದಕ್ಕೆ ಎಚ್ಚರ. ಹಿಂದೆ ಹೋದವರು ವೀರರು, ಮಂಡಿ ಮಡಚದಿದ್ದರೂ ತೆವಳಿ ಹತ್ತಿ, ಕೋಣದ ಜೊತೆ ಹೊಡೆದಾಡಿ ದಾಟಿದ್ದರು. ಕೋಡಂಗಿಗೆ ಅದೆಲ್ಲ ಬರುತ್ತದಾ? ಅವನು ಬೆಕ್ಕಿನ ಹಾಗೆ ಹತ್ತಿದ. ಕೌದಿ ಸದ್ದನ್ನು ನುಂಗಿತು. ಕೋಣ ಕಿವಿ ಆಡಿಸಿ ಮಗ್ಗುಲು ಬದಲಿಸಿತು.

ಮೂರನೆಯದು ಉರಿಮಂಡೆಯ ಅಂಗಳ. ಕಲ್ಲಾದವರೆಲ್ಲ ಅಲ್ಲೇ ನಿಂತಿದ್ದರು. ಗಿಣಿಯ ಕೊನೆಯ ಕಲ್ಲಿನ ಹತ್ತಿರ ಹೋದ. ಅಕ್ಕ ಸೊಂಟದ ಮೇಲೆ ಕೈ ಇಟ್ಟದ್ದು ಗದರಲು ಅಲ್ಲ. ಬಾಗದ ಮೈಯನ್ನು ಕೈಯಿಂದ ಒತ್ತಿ ಕೂರಿಸಲು ನೋಡಿದ್ದಳು. ಅವಳ ಮುಂದೆ ಊಟದ ಮಣೆ ಇತ್ತು. ಒಂದೊಂದು ಕಲ್ಲಿನ ಮುಂದೆಯೂ ಒಂದೊಂದು ಮಣೆ.

ಒಗಟಿನ ಉತ್ತರ ಇಲ್ಲಿ ಸಿಕ್ಕಿತಲ್ಲ. ನಿಂತು ನೋಡಿ ಆರಿಸಿದ ಕಾಲುಕವಚ ತೊಟ್ಟ ಮನುಷ್ಯ.

ಉರಿಮಂಡೆ ಬಾಗಿಲಲ್ಲಿ ನಿಂತಿದ್ದ. ನೆಲ ಮುಟ್ಟುವ ನಿಲುವಂಗಿ, ತಲೆಯ ಮೇಲೆ ಬೆಂಕಿ. ಹೊಸ ಮಣೆಯ ಕಡೆ ಬೆರಳು ತೋರಿಸಿ, "ಕೂರು," ಅಂದ.

ಗಿಣಿಯ ಚಕ್ಕಳಮಕ್ಕಳ ಹಾಕಿ ಕೂತ. ಮಂಡಿಯ ಚಿಪ್ಪು ಒಂದು ಸಲ ಕಿರ್ ಅಂದಿತು, ಅಷ್ಟೇ.

ಉರಿಮಂಡೆಯ ಬೆಂಕಿ ಸಣ್ಣಗಾಯಿತು. ಅವನು ಮುದ್ದೆ ಬಡಿಸಿದ, ಹುರುಳಿ ಸಾರು ಬಡಿಸಿದ. ವಿಷವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಉಪ್ಪು ಮಾತ್ರ ಕಮ್ಮಿ. ಗಿಣಿಯ ಉಂಡ. ಉಣ್ಣುತ್ತಾ ನೋಡಿದ, ಬಡಿಸುವಾಗ ಈ ಮಾಂತ್ರಿಕ ಬಾಗುವುದೇ ಇಲ್ಲ. ಸಾರನ್ನು ಮೇಲಿಂದಲೇ ಸುರಿಯುತ್ತಾನೆ. ನಿಲುವಂಗಿಯ ಅಂಚು ಸರಿದಾಗ ಕೆಳಗೆ ಚಿನ್ನ ಹೊಳೆಯಿತು.

"ನೀವೂ ಕೂತ್ಕೊಳ್ಳಿ ಅಜ್ಜಾ," ಅಂದ ಗಿಣಿಯ. "ಒಬ್ಬನೇ ಹೇಗೆ ಉಣ್ಣಲಿ?"

ಉರಿಮಂಡೆ ನಿಂತೇ ಇದ್ದ. ಅವನೂ ಒಂದು ಕಾಲದಲ್ಲಿ ಕಬ್ಬಿಣಗೆರೆಯ ಸೇನಾಪತಿಯೇ. ಹಸಿದು ಬಂದ ಅತಿಥಿಯೊಬ್ಬಳು ಜೊತೆಗೆ ಕೂರು ಅಂತ ಕರೆದಾಗ, ಚಿನ್ನದ ಕವಚ ನೆಗ್ಗುತ್ತದೆ ಅಂತ ಕೂರದೆ ಹೋದ. ಆಕೆ ಶಪಿಸಿದಳು. ಕವಚ ತೊಟ್ಟವನೊಬ್ಬ ಬಂದು ಎದುರಿಗೆ ಕೂತು ಉಣ್ಣುವ ತನಕ ನಿನ್ನ ಕೊಂಡಿ ಬಿಚ್ಚದಿರಲಿ, ತಲೆ ಉರಿಯುತ್ತಿರಲಿ, ಬಂದು ಕೂರದವರು ಕಲ್ಲಾಗಲಿ ಅಂತ. ಇಷ್ಟನ್ನೂ ಅವನು ಗೋಡೆ ನೋಡಿಕೊಂಡೇ ಹೇಳಿದ.

ಗಿಣಿಯ ಕೈ ತೊಳೆದು ಬಂದು ಅವನ ಕಾಲಬಳಿ ಕೂತ. ತುಕ್ಕು ಹಿಡಿದ ಕೊಂಡಿಯನ್ನು ಎಳೆದ. ಬಿಚ್ಚಿಕೊಂಡಿತು. ಒಳಗೆ ಕಾಲು ಒಣಕಡ್ಡಿಯಾಗಿತ್ತು, ಪಟ್ಟಿ ಕಚ್ಚಿದ ಕಡೆ ಉಳುಮೆ ಮಾಡಿದ ಹಾಗೆ ಗುರುತು. ಮುದುಕ ಗಿಣಿಯನ ಹೆಗಲು ಹಿಡಿದು ಮಣೆಯ ಮೇಲೆ ಕೂತ. ತಲೆಯ ಬೆಂಕಿ ಆರಿತು.

ಆಗ ಅಂಗಳದಲ್ಲಿ ಕಲ್ಲುಗಳು ಉಸಿರು ಬಿಟ್ಟವು. ವೀರರೆಲ್ಲ ಒಟ್ಟಿಗೇ ಧೊಪ್ ಅಂತ ಮಗುಚಿ ಬಿದ್ದು, ಆಮೆಗಳ ಹಾಗೆ ಕೈಕಾಲು ಆಡಿಸಿದರು. ಗಿಣಿಯ ಓಡಿ ಹೋಗಿ ಮೊದಲು ಅಕ್ಕನ ಪಟ್ಟಿ ಬಿಚ್ಚಿ ಅವಳನ್ನು ಮಣೆಯ ಮೇಲೆ ಕೂರಿಸಿದ. ಸಂಪಿ ಅವನ ಮುಖ ನೋಡಿದಳು, ಆಮೇಲೆ ಅವನ ಕಾಲು ನೋಡಿದಳು.

"ನನ್ನ ಕೌದಿ ಕತ್ತರಿಸಿದ್ಯಾ?" ಅಂದಳು. ಸೊಂಟದ ಮೇಲೆ ಕೈ ಹೋಯಿತು. ಈ ಸಲ ಗದರಲಿಕ್ಕೇ.

ಎಲ್ಲರೂ ಕೆಳಗಿಳಿದು ಬಂದರು. ಮಾರನಾಯಕ ಆಯುಧಶಾಲೆಯ ನಡುವೆ ಒಂದು ಮಣೆ ಹಾಕಿಸಿದ. ಕವಚ ತೊಟ್ಟವರು ಅದರ ಮೇಲೆ ಕೂತು ಎದ್ದ ಮೇಲೆಯೇ ಒಪ್ಪಿತು ಅನ್ನಬೇಕು. ಮುದುಕ ಉರಿಮಂಡೆ ಮೇಳಕ್ಕೆ ಅಡಿಗೆಯವನಾದ. ಉಪ್ಪು ಮಾತ್ರ ಸಂಪಿಯೇ ಹಾಕುತ್ತಿದ್ದಳು. ಎಲ್ಲರೂ ಸುಖವಾಗಿದ್ದರು.

ಇನ್ನು ನಿಜ ಹೇಳ್ತೀನಿ. ನನಗೆ ಈ ಕತೆ ಹೇಳಿದವರು ಗಿಣಿಯ ಕೊಂಡಿಗೆ ಕೈ ಹಾಕಿದ ಅನ್ನೋ ಕಡೆಗೇ ನಿಲ್ಲಿಸಿದರು. ಬಿಚ್ಚಿತಾ ಅಂತ ಕೇಳಿದೆ. ಯಾರಿಗೆ ಗೊತ್ತು ಅಂದರು. ಅಲ್ಲಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು. ಅಷ್ಟು ಕಾಲ ನಿಂತೇ ಇದ್ದ ಸಂಪಿಯನ್ನು ಕೂರಿಸದೆ ಕತೆ ಮುಗಿಸೋಕೆ ನನಗೆ ಮನಸ್ಸು ಬರಲಿಲ್ಲ.